ಹದಿಹರೆಯದವರ ಕಪಾಟಿನಿಂದ ದೊಡ್ಡವರು ಆರಿಸಿಕೊಳ್ಳುವ ಬಗೆ

ಹದಿಹರೆಯದ ಓದುಗರಿಗೆಂದು ಪ್ರಕಟವಾದ ಕಾದಂಬರಿಯೊಂದನ್ನು ಕೈಗೆತ್ತಿಕೊಂಡ ನಲವತ್ತು ದಾಟಿದ ಓದುಗರು, ಬೆನ್ನುಪುಟದ ನಾಲ್ಕು ಸಾಲು ಓದಿ, ತಮ್ಮನ್ನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಅತ್ತಿತ್ತ ಕಣ್ಣಾಡಿಸಿ, ಪುಸ್ತಕವನ್ನು ಮತ್ತೆ ಇದ್ದಲ್ಲೇ ಇಡುವುದು ಅಪರೂಪವೇನಲ್ಲ. ನಾನೂ ಬಹಳ ವರ್ಷ ಹಾಗೆಯೇ ಮಾಡಿದವನು. ‘ಯಂಗ್ ಅಡಲ್ಟ್’ ಎಂಬ ಹಣೆಪಟ್ಟಿ ಹೊತ್ತ ಪುಸ್ತಕಗಳಿಗೂ ಸಿನಿಮಾಗಳಿಗೂ ದೊಡ್ಡವರು ಒಂದು ಅವಕಾಶ ಕೊಡಬೇಕೇ ಎಂಬ ಪ್ರಶ್ನೆಗೆ ಕೊಡಬೇಕು ಎಂಬುದೇ ನನ್ನ ಉತ್ತರ. ಆದರೆ ಅವಕಾಶ ಕೊಡುವುದೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದಲ್ಲ. ನೋಡಿ ಆರಿಸಿದ ಒಂದೆರಡು ಕೃತಿಗಳನ್ನು ಬೇರೆ ಯಾವುದೇ ಕೃತಿಯನ್ನು ಅಳೆಯುವ ಅಳತೆಗೋಲಿನಿಂದಲೇ ಅಳೆದು, ಒಪ್ಪುವ ಅಥವಾ ಬಿಡುವ ಸ್ವಾತಂತ್ರ್ಯವನ್ನು ತಮ್ಮಲ್ಲೇ ಉಳಿಸಿಕೊಳ್ಳುವುದು. ಅದನ್ನು ಮಾಡುವ ಬಗೆಯನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಹಣೆಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ತಿಳಿಯಿರಿ

‘ಯಂಗ್ ಅಡಲ್ಟ್’ ಎಂಬುದು ಕಾದಂಬರಿಯ ಗುಣಮಟ್ಟವನ್ನೋ ಆಳವನ್ನೋ ಸೂಚಿಸುವ ಮಾತಲ್ಲ. ಸುಮಾರು 12ರಿಂದ 18 ವರ್ಷದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು, ಅದೇ ವಯಸ್ಸಿನ ಪಾತ್ರದ ಕಣ್ಣಿನಿಂದ ಹೇಳಿದ ಕಥೆಯನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ಪ್ರಕಾಶಕರು, ಗ್ರಂಥಪಾಲಕರು, ಮಾರಾಟಗಾರರು ಮಾಡಿಕೊಂಡ ಏರ್ಪಾಡು ಅದು. ಅಮೆರಿಕದ ಗ್ರಂಥಾಲಯ ಸಂಘದಲ್ಲಿ ಈ ವಯಸ್ಸಿನವರಿಗೆಂದೇ ಪ್ರತ್ಯೇಕ ವಿಭಾಗ ಆರಂಭವಾದದ್ದು 1957ರಲ್ಲಿ. ಹತ್ತು ವರ್ಷಗಳ ನಂತರ, 1967ರಲ್ಲಿ, ಎಸ್. ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’ ಪ್ರಕಟವಾಯಿತು. ಇಂದಿನ ಅರ್ಥದ ಯಂಗ್ ಅಡಲ್ಟ್ ಕಾದಂಬರಿಯ ಚರಿತ್ರೆಯನ್ನು ಹಲವರು ಆ ಪುಸ್ತಕದಿಂದಲೇ ಎಣಿಸುತ್ತಾರೆ. ಅದನ್ನು ಬರೆಯುವಾಗ ಹಿಂಟನ್ ಅವರೇ ಹದಿಹರೆಯದಲ್ಲಿದ್ದರು. ಅಂದಹಾಗೆ, ಕನ್ನಡದ ‘ಹದಿಹರೆಯ’ ಎಂಬ ಪದ ಹದಿಮೂರು, ಹದಿನಾಲ್ಕು ಎಂದು ಎಣಿಸುವಾಗ ಬರುವ ‘ಹದಿ’ಯನ್ನು ಹರೆಯದ ಹಿಂದೆ ಕೂರಿಸಿ ಕೆಲಸವನ್ನು ಎಷ್ಟು ಸೊಗಸಾಗಿ ಮುಗಿಸಿಬಿಡುತ್ತದೆ! ಇಂಗ್ಲಿಷಿನ ಹೆಸರು ಮಾತ್ರ ‘ಎಳೆಯ ವಯಸ್ಕ’ ಎಂದು ಹೇಳಿ, ಇಪ್ಪತ್ತೈದರವರನ್ನೂ ಗೊಂದಲಕ್ಕೆ ಕೆಡವುತ್ತದೆ.

ಈ ಏರ್ಪಾಡು ಎಷ್ಟು ಸಡಿಲವಾದದ್ದು ಎಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಮಾರ್ಕಸ್ ಝೂಸಾಕ್ ಅವರ ‘ದಿ ಬುಕ್ ಥೀಫ್’ 2005ರಲ್ಲಿ ಆಸ್ಟ್ರೇಲಿಯದಲ್ಲಿ ದೊಡ್ಡವರ ಕಾದಂಬರಿಯಾಗಿ ಪ್ರಕಟವಾಯಿತು. ಮರುವರ್ಷ ಅದೇ ಪುಸ್ತಕ ಅಮೆರಿಕದಲ್ಲಿ ಯಂಗ್ ಅಡಲ್ಟ್ ಕಾದಂಬರಿಯಾಗಿ ಹೊರಬಂತು. ಮಾರ್ಕ್ ಹ್ಯಾಡನ್ ಅವರು ಹದಿನೈದರ ಹುಡುಗನೊಬ್ಬನ ಬಾಯಲ್ಲಿ ಹೇಳಿಸಿದ, ನಾಯಿಯೊಂದರ ಕೊಲೆಯ ತನಿಖೆಯ ಕಥೆ 2003ರಲ್ಲಿ ಬ್ರಿಟನ್ನಿನಲ್ಲಿ ದೊಡ್ಡವರಿಗೊಂದು, ಕಿರಿಯರಿಗೊಂದು ಎಂದು ಎರಡು ಆವೃತ್ತಿಗಳಲ್ಲಿ ಒಟ್ಟಿಗೇ ಬಿಡುಗಡೆಯಾಯಿತು. ಹ್ಯಾರಿ ಪಾಟರ್ ಸರಣಿಯ ಬ್ರಿಟಿಷ್ ಪ್ರಕಾಶಕರು 1998ರಷ್ಟು ಹಿಂದೆಯೇ ದೊಡ್ಡವರಿಗಾಗಿ ಬೇರೆ ಮುಖಪುಟದ ಪ್ರತಿಗಳನ್ನು ತಂದಿದ್ದರು. ಒಳಗಿನ ಕಥೆ ಒಂದೇ, ಬದಲಾದದ್ದು ಹೊದಿಕೆ ಮಾತ್ರ. ಮುಜುಗರಕ್ಕೂ ಮಾರುಕಟ್ಟೆಯುಂಟು ಎಂಬುದನ್ನು ಆ ಪ್ರಕಾಶಕರು ಕಂಡುಕೊಂಡಿದ್ದರು. ಆದ್ದರಿಂದ ಪುಸ್ತಕವೊಂದನ್ನು ನೀವು ತಿರಸ್ಕರಿಸುತ್ತಿರುವುದು ಅದು ಇರುವ ಕಪಾಟಿಗಾಗಿಯೋ, ಅದರೊಳಗಿನ ಬರವಣಿಗೆಗಾಗಿಯೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ.

ಎರಡನೆಯ ಹೆಜ್ಜೆ: ನಿಮ್ಮ ಹಿಂಜರಿಕೆಯನ್ನು ಪರೀಕ್ಷಿಸಿ

ಹಿಂಜರಿಕೆಯಲ್ಲಿ ಎರಡು ಬಗೆಗಳಿವೆ. ‘ನನ್ನ ವಯಸ್ಸಿನವರು ಇಂಥದ್ದನ್ನು ಓದುವುದೇ?’ ಎಂಬುದು ಒಂದು. ಇದು ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮನ್ನು ನೋಡುವವರ ಬಗ್ಗೆ ನಮಗಿರುವ ಅಳುಕು. ಇದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಪುಸ್ತಕೋದ್ಯಮದ ಮಾಹಿತಿ ಸಂಗ್ರಹಿಸುವ ಬೌಕರ್ ಸಂಸ್ಥೆ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಯಂಗ್ ಅಡಲ್ಟ್ ಪುಸ್ತಕಗಳನ್ನು ಕೊಳ್ಳುತ್ತಿದ್ದವರಲ್ಲಿ ಶೇ. 55ರಷ್ಟು ಮಂದಿ 18 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರಾಗಿದ್ದರು. ಅವರಲ್ಲಿ ಬಹುಪಾಲು ಜನ ತಾವು ಕೊಂಡದ್ದು ಮಕ್ಕಳಿಗಲ್ಲ, ಸ್ವಂತ ಓದಿಗೇ ಎಂದು ಹೇಳಿದ್ದರು. ಅಳುಕಿನಿಂದ ಅತ್ತಿತ್ತ ನೋಡುವ ಓದುಗರು ಒಂಟಿಯಂತೂ ಅಲ್ಲ.

ಎರಡನೆಯ ಬಗೆಯ ಹಿಂಜರಿಕೆ ಗಂಭೀರವಾದದ್ದು, ಅದನ್ನು ನಗೆಯಾಡಿ ತಳ್ಳಿಹಾಕುವುದು ಸರಿಯಲ್ಲ. 2014ರಲ್ಲಿ ಪತ್ರಕರ್ತೆ ರೂತ್ ಗ್ರಹಾಂ ಅವರು ‘ಸ್ಲೇಟ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದು ದೊಡ್ಡ ಚರ್ಚೆಗೆ ಕಾರಣವಾಯಿತು. ಮಕ್ಕಳಿಗಾಗಿ ಬರೆದದ್ದನ್ನು ಓದುವಾಗ ದೊಡ್ಡವರಿಗೆ ಮುಜುಗರವಾಗಬೇಕು ಎಂಬ ಅವರ ಮಾತನ್ನಷ್ಟೇ ಹಿಡಿದುಕೊಂಡು ಜನ ಸಿಟ್ಟಾದರು. ಆದರೆ ಅವರ ನಿಜವಾದ ಆಕ್ಷೇಪ ಬೇರೆಯಿತ್ತು: ಈ ಕಾದಂಬರಿಗಳು ಹದಿಹರೆಯದ ದೃಷ್ಟಿಯನ್ನು ವಿಮರ್ಶೆಗೆ ಒಡ್ಡದೆ ಹಾಗೆಯೇ ಒಪ್ಪಿಕೊಳ್ಳುತ್ತವೆ ಮತ್ತು ಬದುಕಿನಲ್ಲಿ ಸಿಗದಷ್ಟು ಅಚ್ಚುಕಟ್ಟಾದ ಮುಕ್ತಾಯವನ್ನು ಕೊಡುತ್ತವೆ ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದೇ ನನ್ನ ಅಭಿಪ್ರಾಯ. ಓದುಗರ ಕಣ್ಣೀರಿಗೋ ಸಮಾಧಾನಕ್ಕೋ ಲೆಕ್ಕ ಹಾಕಿ ಹೆಣೆದ ಪುಸ್ತಕಗಳು ಈ ಕಪಾಟಿನಲ್ಲಿ ರಾಶಿಯಾಗಿವೆ. ದೊಡ್ಡವರ ಕಪಾಟಿನಲ್ಲೂ ಅಂಥವು ಕಡಿಮೆಯಿಲ್ಲ ಎಂಬುದು ಬೇರೆ ಮಾತು.

ಆ ಆಕ್ಷೇಪಕ್ಕೆ ಹೊಂದದ ಕೃತಿಗಳೂ ಇದೇ ಕಪಾಟಿನಲ್ಲಿವೆ. ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ (1999) ಕೊಲೆಯ ಪ್ರಕರಣವೊಂದರಲ್ಲಿ ವಿಚಾರಣೆಗೆ ಒಳಗಾಗಿರುವ ಹದಿನಾರರ ಹುಡುಗನ ಕಥೆ. ಸಿನಿಮಾ ಮಾಡುವ ಕನಸಿನ ಆ ಹುಡುಗ ತನ್ನ ವಿಚಾರಣೆಯನ್ನೇ ಚಿತ್ರಕಥೆಯ ರೂಪದಲ್ಲಿ ಬರೆಯುತ್ತಾನೆ. ನಡುನಡುವೆ ಜೈಲಿನ ದಿನಚರಿಯ ಪುಟಗಳು ಬರುತ್ತವೆ. ತೀರ್ಪು ಹೊರಬಿದ್ದ ಮೇಲೂ ಅವನ ಪಾಲು ಎಷ್ಟು ಎಂಬುದು ಓದುಗರಿಗೆ ಪೂರ್ತಿ ತಿಳಿಯುವುದಿಲ್ಲ. ಅವನ ಪರವಾಗಿ ವಾದಿಸಿದ ವಕೀಲೆಯೇ ಅವನಿಂದ ಮುಖ ತಿರುಗಿಸುತ್ತಾರೆ. ಆ ಒಂದು ಚಲನೆಯ ಅರ್ಥವೇನೆಂದು ಪುಸ್ತಕ ಹೇಳದೆಯೇ ಮುಗಿಯುತ್ತದೆ. ಇಷ್ಟು ಬಿಗಿಯಾದ ಅನಿಶ್ಚಿತತೆಯನ್ನು ಎಳೆಯ ಓದುಗರ ಕೈಗೆ ನಂಬಿ ಕೊಟ್ಟ ಲೇಖಕರನ್ನು ನಾವು ಮಕ್ಕಳ ಸಾಹಿತಿ ಎಂದು ಪಕ್ಕಕ್ಕೆ ಸರಿಸಿದರೆ ನಷ್ಟ ಅವರದಲ್ಲ.

ಮೂರನೆಯ ಹೆಜ್ಜೆ: ನಿಮ್ಮ ಹಳೆಯ ರುಚಿಯ ಬಾಗಿಲಿನಿಂದಲೇ ಒಳಹೋಗಿ

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಅತಿ ಹೆಚ್ಚು ಗದ್ದಲವೆಬ್ಬಿಸಿದ ಸರಣಿಯೊಂದನ್ನು ಎತ್ತಿಕೊಂಡು, ಅದು ಹಿಡಿಸದಿದ್ದಾಗ ಇಡೀ ವರ್ಗವನ್ನೇ ತಳ್ಳಿಹಾಕುವುದು. ಯಂಗ್ ಅಡಲ್ಟ್ ಎಂಬುದು ಒಂದು ಕಥಾಪ್ರಕಾರವಲ್ಲ. ಪತ್ತೇದಾರಿ, ಚಾರಿತ್ರಿಕ, ಪ್ರೇಮಕಥೆ, ವೈಜ್ಞಾನಿಕ ಕಲ್ಪನೆ, ಪದ್ಯರೂಪದ ಕಾದಂಬರಿ, ಚಿತ್ರಕಾದಂಬರಿ ಎಲ್ಲವೂ ಅದರೊಳಗೆ ಬರುತ್ತವೆ. ಹೀಗಾಗಿ ನೀವು ಈಗಾಗಲೇ ಯಾವುದನ್ನು ಇಷ್ಟಪಟ್ಟು ಓದುತ್ತೀರೋ ಅದರ ಹದಿಹರೆಯದ ರೂಪವನ್ನೇ ಹುಡುಕಬೇಕು. ಯುದ್ಧಕಾಲದ ಕಥನ ಇಷ್ಟಪಡುವವರು, ಸಾವೇ ನಿರೂಪಕನಾಗಿ ನಾಜಿ ಜರ್ಮನಿಯ ಹುಡುಗಿಯೊಬ್ಬಳ ಕಥೆ ಹೇಳುವ ‘ದಿ ಬುಕ್ ಥೀಫ್’ನಿಂದ ಆರಂಭಿಸಬಹುದು. ಸಮಾಜದ ಕಟ್ಟಳೆಗಳ ಬಗ್ಗೆ ಚಿಂತಿಸುವವರಿಗೆ ಲೋಯಿಸ್ ಲೌರಿ ಅವರ ‘ದಿ ಗಿವರ್’ (1993) ತಕ್ಕದ್ದು. ನೋವೂ ನೆನಪೂ ಬಣ್ಣವೂ ಇಲ್ಲದಂತೆ ವ್ಯವಸ್ಥೆಗೊಳಿಸಿದ ಸಮುದಾಯವೊಂದರ ಆ ಕಥೆ ಗಾತ್ರದಲ್ಲಿ ಚಿಕ್ಕದು, ಅದರ ಕೊನೆಯ ಪುಟವನ್ನು ಎರಡು ರೀತಿಯಲ್ಲಿ ಓದಬಹುದು. ಕವಿತೆಯ ಓದುಗರಿಗೆ ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ (2017) ಇದೆ. ಅಣ್ಣನ ಕೊಲೆಗೆ ಸೇಡು ತೀರಿಸಿಕೊಳ್ಳಲು ಹೊರಟ ಹುಡುಗ ಲಿಫ್ಟಿನಲ್ಲಿ ಕೆಳಗಿಳಿಯುವ ಅರವತ್ತು ಸೆಕೆಂಡುಗಳಲ್ಲೇ ಅದರ ಕಥೆಯ ಬಹುಭಾಗ ನಡೆದುಹೋಗುತ್ತದೆ.

ದಾರಿ ಗೊತ್ತಿಲ್ಲದವರಿಗೆ ಪ್ರಶಸ್ತಿಪಟ್ಟಿ ಒಳ್ಳೆಯ ನೆರವು. ಅಮೆರಿಕದ ಗ್ರಂಥಾಲಯ ಸಂಘದ ಮೈಕೆಲ್ ಪ್ರಿಂಟ್ಜ್ ಪ್ರಶಸ್ತಿಯನ್ನು 2000ದಿಂದ ಪ್ರತಿವರ್ಷ ಯಂಗ್ ಅಡಲ್ಟ್ ಪುಸ್ತಕಕ್ಕೆ ಕೊಡುತ್ತಾರೆ. ಅಲ್ಲಿ ಜನಪ್ರಿಯತೆಯನ್ನಾಗಲಿ ಸಂದೇಶವನ್ನಾಗಲಿ ನೋಡದೆ ಸಾಹಿತ್ಯಿಕ ಗುಣವನ್ನೇ ಪರಿಗಣಿಸುವುದು ನಿಯಮ. ಅದರ ಮೊದಲ ಪ್ರಶಸ್ತಿ ‘ಮಾನ್‌ಸ್ಟರ್’ಗೆ ಸಂದಿತು, 2007ರಲ್ಲಿ ಅದು ಜೀನ್ ಲುಯೆನ್ ಯಾಂಗ್ ಅವರ ‘ಅಮೆರಿಕನ್ ಬಾರ್ನ್ ಚೈನೀಸ್’ ಎಂಬ ಚಿತ್ರಕಾದಂಬರಿಗೆ ದೊರೆತಾಗ, ಆ ರೂಪಕ್ಕೆ ಸಿಕ್ಕ ಮೊದಲ ಪ್ರಿಂಟ್ಜ್ ಅದಾಗಿತ್ತು. ಪ್ರಶಸ್ತಿ ಪಡೆದ ಪುಸ್ತಕದ ಜೊತೆಗೆ ಆಯಾ ವರ್ಷದ ಗೌರವಪಟ್ಟಿಯನ್ನೂ ನೋಡುವುದು ಒಳ್ಳೆಯದು. ಸರಣಿಗಳನ್ನು ಬಿಟ್ಟು, ಒಂದೇ ಸಂಪುಟದಲ್ಲಿ ಮುಗಿಯುವ ಎರಡು ಪುಸ್ತಕಗಳನ್ನು ಮೊದಲಿಗೆ ಆರಿಸಿಕೊಳ್ಳಿ.

ಪರಿಚಯದ ಹದಿಹರೆಯದವರನ್ನು ಕೇಳುವುದು ಇನ್ನೊಂದು ದಾರಿ, ಆದರೆ ಕೇಳುವ ಬಗೆ ಮುಖ್ಯ. ‘ನನಗೆ ಯಾವ ಪುಸ್ತಕ ಹಿಡಿಸಬಹುದು?’ ಎಂದು ಕೇಳಿದರೆ, ಅವರು ದೊಡ್ಡವರಿಗೆ ಒಪ್ಪಿಗೆಯಾಗಬಹುದಾದ ಸಭ್ಯ ಹೆಸರೊಂದನ್ನು ಹೇಳಿ ಜಾರಿಕೊಳ್ಳುತ್ತಾರೆ. ‘ನೀನು ಎರಡು ಸಲ ಓದಿದ ಪುಸ್ತಕ ಯಾವುದು?’ ಎಂದು ಕೇಳಿ ನೋಡಿ.

ನಾಲ್ಕನೆಯ ಹೆಜ್ಜೆ: ನಿಮ್ಮ ವಯಸ್ಸನ್ನು ಕಳಚಿಡದೆ ಓದಿ

ಈ ಪುಸ್ತಕಗಳನ್ನು ಆಸ್ವಾದಿಸಬೇಕಾದರೆ ಮತ್ತೆ ಹದಿನಾರರವರಾಗಬೇಕು ಎಂಬ ಸಲಹೆಯನ್ನು ಬಹಳಷ್ಟು ಮಂದಿ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹದಿನಾರರ ಓದುಗರಿಗೆ ಕಾಣದ್ದು ನಮಗೆ ಕಾಣುತ್ತದೆ, ಅವರಿಗೆ ಕಾಣುವುದು ನಮಗೆ ಮರೆತುಹೋಗಿರುತ್ತದೆ. ದೊಡ್ಡವರ ಓದಿಗೆ ಸ್ವಾರಸ್ಯ ಬರುವುದು ಈ ಎರಡರ ನಡುವಿನ ಅಂತರದಿಂದ. ನಲವತ್ತು ದಾಟಿದವರು ತಮ್ಮ ಬದುಕನ್ನು ನೆನಪಿಸಿಕೊಳ್ಳುವಾಗ, ಸರಿಸುಮಾರು ಹತ್ತರಿಂದ ಮೂವತ್ತರ ನಡುವಿನ ವರ್ಷಗಳ ನೆನಪುಗಳು ಹೆಚ್ಚು ದಟ್ಟವಾಗಿ ಬರುತ್ತವೆ ಎಂಬುದನ್ನು ಮನೋವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಹದಿಹರೆಯದ ಕಥೆಯನ್ನು ಓದುವಾಗ ಆ ನೆನಪುಗಳೂ ಎದ್ದು ಬಂದು ಪಕ್ಕದಲ್ಲಿ ಕೂರುತ್ತವೆ. ಕೂರಲಿ, ಆದರೆ ಪುಸ್ತಕದೊಳಗಿನ ಹುಡುಗ ನೀವಲ್ಲ, ಹುಡುಗಿಯೂ ನೀವಲ್ಲ ಎಂಬ ಎಚ್ಚರವಿರಲಿ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗಬಹುದು. ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999) ಕಾದಂಬರಿಯ ನಿರೂಪಕಿ ಮೆಲಿಂಡಾ ಎಂಬ ಹುಡುಗಿ. ಬೇಸಿಗೆ ರಜೆಯ ಕೂಟವೊಂದಕ್ಕೆ ಪೊಲೀಸರನ್ನು ಕರೆದಳೆಂಬ ಕಾರಣಕ್ಕೆ ಹೊಸ ಶಾಲೆಯಲ್ಲಿ ಎಲ್ಲರೂ ಅವಳನ್ನು ದೂರವಿಟ್ಟಿದ್ದಾರೆ. ಅವಳು ಏಕೆ ಕರೆದಳೆಂದು ಯಾರೂ ಕೇಳಿಲ್ಲ. ಅವಳು ಮಾತನ್ನೇ ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದ್ದಾಳೆ. ಅಂದು ತನ್ನ ಮೇಲೆ ಅತ್ಯಾಚಾರ ನಡೆಯಿತು ಎಂಬುದನ್ನು ಅವಳು ತನಗೆ ತಾನೇ ಹೇಳಿಕೊಳ್ಳಲು ಪುಸ್ತಕದ ಬಹುಭಾಗ ಬೇಕಾಗುತ್ತದೆ. ಎಳೆಯ ಓದುಗರು ಅವಳ ಜೊತೆಗೇ ನಡೆದು ಆ ಮಾತನ್ನು ತಲುಪುತ್ತಾರೆ. ದೊಡ್ಡವರಿಗೆ ಅದು ಕೆಲವೇ ಪುಟಗಳಲ್ಲಿ ಹೊಳೆದುಬಿಡುತ್ತದೆ, ಆಮೇಲಿನ ಓದು ಬೇರೆಯೇ ತೆರನಾದ ಸಂಕಟವಾಗುತ್ತದೆ. ಚೀಟಿ ಬರೆದಿಟ್ಟು ಮಾತು ಮುಗಿಸುವ ತಂದೆತಾಯಿ, ಇಳಿಯುತ್ತಿರುವ ಅಂಕಗಳನ್ನಷ್ಟೇ ನೋಡುವ ಶಿಕ್ಷಕರು ಒಬ್ಬೊಬ್ಬರಾಗಿ ಅವಳ ಎದುರಿನಿಂದ ಹಾದುಹೋಗುವಾಗ, ನಮ್ಮ ವಯಸ್ಸಿನವರ ಕುರುಡುತನವನ್ನು ಮಗುವಿನ ಕಣ್ಣಿನಿಂದ ನೋಡಬೇಕಾಗುತ್ತದೆ. ಲೇಖಕಿ ಬರೆದದ್ದು ಒಂದೇ ಪುಸ್ತಕ. ಓದುವವರ ವಯಸ್ಸಿಗೆ ತಕ್ಕಂತೆ ಅದು ಎರಡಾಗುತ್ತದೆ.

ಆದ್ದರಿಂದ ಓದುವಾಗ ಮೂರು ಸಂಗತಿಗಳ ಮೇಲೆ ಕಣ್ಣಿಡಿ. ಕಥೆಯಲ್ಲಿ ದೊಡ್ಡವರು ಎಲ್ಲಿದ್ದಾರೆ, ಎಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಅವರ ಗೈರುಹಾಜರಿ ಕೆಲವೊಮ್ಮೆ ಕಥೆ ಸಾಗಲು ಮಾಡಿಕೊಂಡ ಅನುಕೂಲವಷ್ಟೇ ಆಗಿರುತ್ತದೆ, ಕೆಲವೊಮ್ಮೆ ಅದೇ ಕಥೆಯ ವಸ್ತುವಾಗಿರುತ್ತದೆ. ‘ನಾನು’ ಎಂದು ಹೇಳುವ ನಿರೂಪಕರ ಮಾತನ್ನು ಲೇಖಕರ ಮಾತೆಂದು ತಿಳಿಯಬೇಡಿ. ಹದಿನೈದರ ಪಾತ್ರ ತಪ್ಪು ತೀರ್ಮಾನಕ್ಕೆ ಬಂದರೆ, ಲೇಖಕರಿಗೆ ಅದು ತಿಳಿದಿದೆಯೇ ಎಂದು ನೋಡಿ. ತಿಳಿದಿರುವ ಸೂಚನೆ ಎಲ್ಲಿಯೂ ಇಲ್ಲದಿದ್ದರೆ ಅಲ್ಲಿ ರೂತ್ ಗ್ರಹಾಂ ಅವರ ಆಕ್ಷೇಪ ಗೆಲ್ಲುತ್ತದೆ. ಮೂರನೆಯದು ಭಾಷೆ. ಚಿಕ್ಕ ವಾಕ್ಯಗಳು, ವರ್ತಮಾನಕಾಲದ ನಿರೂಪಣೆ, ಬೇಗ ಬೇಗ ಬದಲಾಗುವ ಅಧ್ಯಾಯಗಳು ಈ ಬರವಣಿಗೆಯಲ್ಲಿ ಸಾಮಾನ್ಯ. ಸರಳತೆಯೆಂದರೆ ಬಡತನವೆಂದು ಮೊದಲೇ ತೀರ್ಮಾನಿಸದೆ, ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ಬರೆದವರ ಕೈ ಪಳಗಿದೆಯೋ ಇಲ್ಲವೋ ಎಂಬುದು ಕಿವಿಗೆ ಬೇಗ ತಿಳಿಯುತ್ತದೆ.

ಐವತ್ತು ಪುಟ ಓದಿದ ಮೇಲೂ ಮುಂದಿನ ಪುಟದ ಬಗ್ಗೆ ಕುತೂಹಲ ಹುಟ್ಟದಿದ್ದರೆ ಪುಸ್ತಕವನ್ನು ಬಿಟ್ಟುಬಿಡಿ. ಇದು ಯಾವ ಪುಸ್ತಕಕ್ಕೂ ಸಲ್ಲುವ ನಿಯಮ. ಎಳೆಯರ ಪುಸ್ತಕವೆಂದು ಹೆಚ್ಚಿನ ರಿಯಾಯಿತಿ ತೋರಿಸುವುದೂ ಒಂದು ಬಗೆಯ ಅಸಡ್ಡೆಯೇ.

ಐದನೆಯ ಹೆಜ್ಜೆ: ಸಿನಿಮಾವನ್ನು ಸಿನಿಮಾದ ಲೆಕ್ಕದಲ್ಲೇ ನೋಡಿ

ಸಿನಿಮಾದಲ್ಲಿ ಈ ಹಣೆಪಟ್ಟಿಯ ಗೊಂದಲ ಇನ್ನೂ ಹೆಚ್ಚು. ಫ್ರಾನ್ಸ್ವಾ ತ್ರೂಫೊ ಅವರ 1959ರ ‘ದಿ 400 ಬ್ಲೋಸ್’ ಮನೆಗೂ ಶಾಲೆಗೂ ಬೇಡವಾದ ಹುಡುಗನೊಬ್ಬನ ಕಥೆಯಾದರೂ, ಅದನ್ನು ನೋಡಲು ಯಾವ ದೊಡ್ಡವರೂ ನಾಚುವುದಿಲ್ಲ. ವಿಶ್ವಸಿನಿಮಾದ ಮಹತ್ವದ ಕೃತಿಯೆಂಬ ಮನ್ನಣೆ ಅದಕ್ಕೆ ಮೊದಲೇ ದೊರೆತಿದೆ. ಇನ್ನೊಂದು ತುದಿಯಲ್ಲಿ 2018ರ ‘ಎಯ್ತ್ ಗ್ರೇಡ್’ ಇದೆ. ಎಂಟನೆಯ ತರಗತಿಯ ಕೊನೆಯ ವಾರದಲ್ಲಿರುವ ಹುಡುಗಿಯ ಸಂಕೋಚ, ಫೋನಿನ ಪರದೆ, ತಂದೆಯೊಡನೆ ತಡವರಿಸುವ ಮಾತು ಇವೇ ಅದರ ವಸ್ತು. ಆದರೆ ಅಮೆರಿಕದಲ್ಲಿ ಅದಕ್ಕೆ ‘ಆರ್’ ಎಂಬ ಪ್ರಮಾಣಪತ್ರ ದೊರೆತ ಕಾರಣ, ಆ ಹುಡುಗಿಯ ಓರಗೆಯವರು ದೊಡ್ಡವರ ಜೊತೆಯಿಲ್ಲದೆ ಚಿತ್ರಮಂದಿರದೊಳಗೆ ಹೋಗುವಂತಿರಲಿಲ್ಲ. ಯಾರ ಬಗ್ಗೆ ಮಾಡಿದ ಸಿನಿಮಾ, ಯಾರಿಗಾಗಿ ಮಾಡಿದ್ದು, ಯಾರಿಗೆ ನೋಡಲು ಅನುಮತಿ ಎಂಬ ಮೂರೂ ಬೇರೆ ಬೇರೆ ಪ್ರಶ್ನೆಗಳು. ಪ್ರಮಾಣಪತ್ರ ಉತ್ತರಿಸುವುದು ಮೂರನೆಯದಕ್ಕೆ ಮಾತ್ರ.

ಕಾದಂಬರಿಯನ್ನು ಆಧರಿಸಿದ ಸಿನಿಮಾವಾದರೆ ಪುಸ್ತಕವನ್ನು ಮೊದಲು ಓದಿ ಎಂಬುದು ನನ್ನ ಸಲಹೆ. ಈ ಕಾದಂಬರಿಗಳಲ್ಲಿ ಬಹಳಷ್ಟರ ಜೀವಾಳ ಒಳದನಿ; ಪರದೆಗೆ ಬರುವಾಗ ಮೊದಲು ಕಳೆದುಹೋಗುವುದೂ ಅದೇ. ಬದಲಿಗೆ ಏನು ಸಿಕ್ಕಿತು ಎಂಬುದನ್ನು ನೋಡಬೇಕು. ಎಳೆಯರನ್ನು ಒಬ್ಬರನ್ನೊಬ್ಬರು ಕೊಲ್ಲುವ ಆಟದ ಕಣಕ್ಕೆ ಇಳಿಸುವ ‘ದಿ ಹಂಗರ್ ಗೇಮ್ಸ್’ ಕಾದಂಬರಿಯಲ್ಲಿ (2008) ಕಣದೊಳಗಿರುವ ಹುಡುಗಿಗೆ ಎಷ್ಟು ಕಾಣುತ್ತದೋ ಅಷ್ಟೇ ನಮಗೂ ಕಾಣುತ್ತದೆ. 2012ರ ಸಿನಿಮಾ ಆ ಕಟ್ಟನ್ನು ಮುರಿದು, ಆಟವನ್ನು ನಡೆಸುವವರ ನಿಯಂತ್ರಣ ಕೊಠಡಿಗೆ ನಮ್ಮನ್ನು ಒಯ್ಯುತ್ತದೆ. ಹುಡುಗಿಯ ಭಯದಲ್ಲಿ ನಮ್ಮ ಪಾಲು ಸ್ವಲ್ಪ ಕಡಿಮೆಯಾಗುತ್ತದೆ, ಮಕ್ಕಳ ಸಾವನ್ನು ಮನರಂಜನೆಯಾಗಿ ಸಿದ್ಧಪಡಿಸುವ ತಣ್ಣನೆಯ ಕಾರ್ಯವೈಖರಿ ಮಾತ್ರ ಕಣ್ಣಿಗೆ ಕಟ್ಟುತ್ತದೆ. ಸ್ಟೀಫನ್ ಚ್ಬೋಸ್ಕಿ ಅವರು 1999ರ ತಮ್ಮ ಪತ್ರರೂಪದ ಕಾದಂಬರಿ ‘ದಿ ಪರ್ಕ್ಸ್ ಆಫ್ ಬೀಯಿಂಗ್ ಎ ವಾಲ್‌ಫ್ಲವರ್’ ಅನ್ನು 2012ರಲ್ಲಿ ತಾವೇ ನಿರ್ದೇಶಿಸಿ ಸಿನಿಮಾ ಮಾಡಿದರು. ಒಬ್ಬರೇ ಎರಡು ಮಾಧ್ಯಮಗಳಲ್ಲಿ ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು ಎಂದು ಹೋಲಿಸಿ ನೋಡುವವರಿಗೆ ಅದು ಒಳ್ಳೆಯ ಜೋಡಿ.

ಸರಣಿ ಸಿನಿಮಾಗಳಿಗೆ ಕೈಹಾಕುವ ಮೊದಲು ಅವು ಮುಗಿದಿವೆಯೇ ಎಂದು ವಿಚಾರಿಸಿಕೊಳ್ಳಿ. ‘ಡೈವರ್ಜೆಂಟ್’ ಸರಣಿಯ ಮೂರನೆಯ ಚಿತ್ರ 2016ರಲ್ಲಿ ಬಂದ ನಂತರ, ಘೋಷಿಸಿದ್ದ ನಾಲ್ಕನೆಯದು ತಯಾರಾಗಲೇ ಇಲ್ಲ. ಪರದೆಯನ್ನಷ್ಟೇ ನಂಬಿದವರ ಕಥೆ ನಡುದಾರಿಯಲ್ಲೇ ನಿಂತಿತು.

ಆರನೆಯ ಹೆಜ್ಜೆ: ಎಲ್ಲಿ ನಿಲ್ಲಬೇಕೆಂಬುದು ತಿಳಿದಿರಲಿ

ಎರಡು ಪುಸ್ತಕ, ಒಂದು ಸಿನಿಮಾ ಮುಗಿಸಿದ ಮೇಲೆ ನಿಮಗೆ ಒಂದು ತೀರ್ಮಾನಕ್ಕೆ ಬರುವಷ್ಟು ಆಧಾರ ದೊರೆತಿರುತ್ತದೆ. ಹಿಡಿಸದಿದ್ದರೆ, ಯಾವ ಕಾರಣಕ್ಕೆ ಹಿಡಿಸಲಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿಕೊಳ್ಳಲು ಸಾಧ್ಯವಾದರೆ ಸಾಕು, ನಿಶ್ಚಿಂತೆಯಿಂದ ನಿಮ್ಮ ಹಳೆಯ ಕಪಾಟಿಗೆ ಮರಳಬಹುದು. ಹಿಡಿಸಿತೆಂದು ವರ್ಷಗಟ್ಟಲೆ ಅಲ್ಲೇ ನೆಲೆ ನಿಲ್ಲುವುದನ್ನು ಮಾತ್ರ ನಾನು ಪ್ರೋತ್ಸಾಹಿಸಲಾರೆ. ದಾಂಪತ್ಯ, ದುಡಿಮೆ, ಮುಪ್ಪು, ಹಳೆಯ ತಪ್ಪುಗಳೊಂದಿಗೆ ಬಾಳುವುದು ಇವುಗಳ ಬಗ್ಗೆ ಹದಿನಾರರ ನಿರೂಪಕರು ಹೇಳಬಹುದಾದದ್ದು ಸ್ವಲ್ಪವೇ. ಮೊದಲ ಸಲ ಎದುರಾಗುವ ಸಂಗತಿಗಳ ತೀವ್ರತೆ ಈ ಸಾಹಿತ್ಯದ ಶಕ್ತಿ. ಎರಡನೆಯ, ಮೂರನೆಯ ಸಲದ ಅನುಭವಕ್ಕೆ ಬೇರೆ ಪುಸ್ತಕಗಳೇ ಬೇಕು.

ಈ ಕೃತಿಗಳ ಮೊದಲ ಹಕ್ಕುದಾರರು ಎಳೆಯರು ಎಂಬುದನ್ನೂ ಮರೆಯುವಂತಿಲ್ಲ. ಕೊಳ್ಳುವವರಲ್ಲಿ ದೊಡ್ಡವರೇ ಹೆಚ್ಚಾದಂತೆ, ಅವರ ರುಚಿಗೆ ತಕ್ಕಂತೆ ಪಾತ್ರಗಳ ವಯಸ್ಸೂ ಕಾಳಜಿಗಳೂ ಮೇಲಕ್ಕೆ ಸರಿಯುವ ಅಪಾಯ ಇದ್ದೇ ಇರುತ್ತದೆ. ಆಗ ಹದಿಮೂರರ ಓದುಗರಿಗೆ ತಮ್ಮದೆನ್ನುವ ಕಪಾಟು ಉಳಿಯುವುದಿಲ್ಲ. ಮನೆಯಲ್ಲಿರುವ ಹದಿಹರೆಯದವರು ಓದುತ್ತಿರುವ ಪುಸ್ತಕವನ್ನು ನೀವೂ ಓದಿದರೆ, ಅದನ್ನು ತನಿಖೆಯ ನೆಪ ಮಾಡಿಕೊಳ್ಳಬೇಡಿ. ‘ನಿನಗೂ ಹೀಗೆ ಅನಿಸುತ್ತದೆಯೇ?’ ಎಂದು ಕೇಳಿದ ಕೂಡಲೇ ಆ ಪುಸ್ತಕ ಅವರ ಕೈಯಿಂದ ಜಾರಿ ನಿಮ್ಮದಾಗಿಬಿಡುತ್ತದೆ. ನಿಮಗೆ ಯಾವ ಪಾತ್ರದ ಮೇಲೆ ಸಿಟ್ಟು ಬಂತು ಎಂಬುದನ್ನು ಹೇಳಿ ಸುಮ್ಮನಾಗಿ. ಅವರು ಒಪ್ಪದಿದ್ದರೆ ಮಾತು ತಾನಾಗಿ ಬೆಳೆಯುತ್ತದೆ. ಗ್ರಂಥಾಲಯದಿಂದ ತಂದ ಪುಸ್ತಕವಾದರೆ ಅವಧಿ ಮುಗಿಯುವ ತನಕ ಇಟ್ಟುಕೊಳ್ಳದೆ, ಓದಿ ಮುಗಿಸಿದ ದಿನವೇ ಮರಳಿಸಿ. ಅದರ ಸರದಿಗಾಗಿ ಹದಿನಾಲ್ಕರ ಓದುಗರೊಬ್ಬರು ಕಾದಿರಬಹುದು.